ಕ್ಷಮಿಸಿದ ತಪ್ಪಿಗೆ

ಹಿತ್ತಿಲ ಜಾಲರಿ ಬಾಗಿಲನ್ನು ಯಾರೋ ತಟ್ಟಿದಾಗ ಡೆಲ್ಫಾ ಸ್ಟ್ಯಾಂಪರ್ ಕೋಳಿಯ ಪುಕ್ಕ ಕೀಳುತ್ತ ಕೂತಿದ್ದಳು. ತಲೆ ಎತ್ತಿದಳು. ಜಾಲರಿಯಾಚೆ ಹಾಯ್ಟ್ ಲೆಡ್‌ಫರ್ಡ್ ಟೋಪಿಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದ. ಇವಳನ್ನು ಮದುವೆಯಾಗುತ್ತೇನೆಂದು ಊರಿಗೆಲ್ಲ ಹೇಳಿ, ಮನೆ ಮಾಡಿ ಕರೆಸಿಕೊಳ್ಳುತ್ತೇನೆಂದು ಇವಳಿಗೆ ಹೇಳಿ, ಉತ್ತರದ ಒಹಾಯೋದ ಟೈರ್ ಕಾರ್ಖಾನೆಗೆ ಹೋದವನು. ಮೊದಲು ವಾರಕ್ಕೊಂದು ಕಾಗದ ಬಂತು. ಆಮೇಲೆ ಒಂದೂ ಬರಲಿಲ್ಲ. ಅದಾಗಿ ಎರಡು ವರ್ಷ.

ಅವಳು ಮತ್ತೆ ಕೋಳಿಯ ಕಡೆ ತಿರುಗಿ ಒಂದು ಹಿಡಿ ಪುಕ್ಕ ಕಿತ್ತಳು, ಬೇಕಾದ್ದಕ್ಕಿಂತ ಜೋರಾಗಿ.

"ಡೆಲ್ಫಾ," ಎಂದ.

"ಮಿಸ್ಟರ್ ಲೆಡ್‌ಫರ್ಡ್. ಏನು ಬೇಕಾಗಿತ್ತು?"

"ನಾನು ಯಾವಾಗಿಂದ ಮಿಸ್ಟರ್ ಆದೆ?"

"ಕಾಗದ ಬರೋದು ನಿಂತಾಗಿಂದ."

ಅವನು ಮರಳಿ ಬರುವ ದಿನವನ್ನು ಅವಳು ಮನಸ್ಸಿನಲ್ಲಿ ಬಹಳ ಸಲ ನಡೆಸಿ ನೋಡಿದ್ದಳು. ಕೆಲವು ಸಲ ಅವನ ತಲೆ ಬೋಳಾಗಿರುತ್ತಿತ್ತು. ಕೆಲವು ಸಲ ಒಂದು ಕಾಲು ಕುಂಟುತ್ತಿತ್ತು. ಒಂದು ಸಲವಂತೂ ಮುಂದಿನ ಹಲ್ಲೆಲ್ಲ ಉದುರಿದ್ದವು. ಈಗ ನೋಡಿದರೆ ತಲೆತುಂಬ ಕೂದಲು, ಎರಡು ಗಟ್ಟಿ ಕಾಲು. ಮಣಿಕಟ್ಟಿನ ಮೇಲೆ ಒಂದು ಸುಟ್ಟ ಗುರುತು ಮಾತ್ರ ಹೊಸದು. ಅದೂ ಅವನಿಗೆ ಒಪ್ಪುತ್ತಿತ್ತು. ದೇವರಿಗೆ ನ್ಯಾಯವೆನ್ನುವುದು ಇಲ್ಲ ಎಂದುಕೊಂಡಳು.

"ಭಾನುವಾರ ರೊಟ್ಟಿ ನಮ್ಮ ಮನೇದು," ಎಂದ ಹಾಯ್ಟ್.

ಅದು ಅವಳಿಗೂ ಗೊತ್ತಿತ್ತು. ಮೇ ತಿಂಗಳ ಆ ಭಾನುವಾರ ಸಾಯರ್ ಹಳ್ಳದ ಜನವೆಲ್ಲ ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋಗಿ, ಸಮಾಧಿಗಳ ಹುಲ್ಲು ಕಿತ್ತು, ಮಣ್ಣು ಏರಿಸಿ, ಮೇಣದಲ್ಲಿ ಅದ್ದಿದ ಕಾಗದದ ಹೂವಿಟ್ಟು, ಅಲ್ಲೇ ಓಕ್ ಮರದಡಿ ಉದ್ದನೆಯ ಮೇಜು ಹಾಕಿ ಊಟ ಮಾಡುತ್ತಿದ್ದರು. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಆ ಮನೆಯವರ ಕೈಯ ರೊಟ್ಟಿ ಮೊದಲು. ಹಳ್ಳದಲ್ಲಿ ರೊಟ್ಟಿಯೆಂದರೆ ಒವನ್ನಿನಲ್ಲಿ ಉಬ್ಬಿಸಿ ಬೇಯಿಸಿದ, ದಪ್ಪನೆಯ ಮೆತ್ತನೆಯ ಬಿಸ್ಕತ್ತು. ಅದನ್ನು ಮುರಿಯುವ ತನಕ ಬೇರೆ ಯಾವುದಕ್ಕೂ ಯಾರೂ ಕೈ ಹಾಕುವಂತಿಲ್ಲ. ಅಂಗಡಿಯಿಂದ ತಂದರೆ, ಇನ್ನೊಬ್ಬರಿಂದ ಮಾಡಿಸಿ ತಂದರೆ, ಆ ಮನೆಯ ಮಕ್ಕಳು ಮುದುಕರಾಗುವವರೆಗೂ ಹಳ್ಳದವರು ಆಡಿಕೊಳ್ಳುತ್ತಿದ್ದರು. ಹಾಯ್ಟ್‌ನ ಅಪ್ಪ ಆರ್ವಿಲ್ ಚಳಿಗಾಲದಲ್ಲಿ ತೀರಿಕೊಂಡಿದ್ದ.

"ಅಮ್ಮನ ಬೆರಳು ಮಡಚಕ್ಕೇ ಬರಲ್ಲ ಈಗ. ನಾನೇ ಮಾಡ್ಬೇಕು. ಅಪ್ಪಂಗೆ ನಿನ್ನ ಸೊಪ್ಪಿನ ಬಿಸ್ಕತ್ತು ಅಂದ್ರೆ ಪ್ರಾಣ. ಕಲಿಸ್ತೀಯಾ?" ಅವನು ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. "ಈ ಸಲ ಪೂರ್ತಿ?"

"ಪೂರ್ತಿ ಅಂದ್ರೆ?"

"ಏನಿಲ್ಲ. ಬಿಡು."

ಕಳಿಸಿಬಿಡಬಹುದಿತ್ತು. ಆದರೆ ಆರ್ವಿಲ್ ಮುದುಕ ನೆನಪಾದ. ಮಗನ ಕಾಗದ ನಿಂತ ಮೇಲೆ ಪ್ರತಿ ಶನಿವಾರ ಏನೋ ಒಂದು ನೆಪ ತೆಗೆದು ಬಂದು, ಇದೇ ಅಡುಗೆಮನೆಯಲ್ಲಿ ಕೂತು ಎರಡು ಬಿಸ್ಕತ್ತು ತಿಂದು, ಮಗನ ಹೆಸರೆತ್ತದೆ, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಅವನ ಮಟ್ಟಿಗೆ ಅದೇ ಕ್ಷಮೆ ಕೇಳುವ ರೀತಿ.

"ಕಾಲು ಒರೆಸಿಕೊಂಡು ಬನ್ನಿ, ಮಿಸ್ಟರ್ ಲೆಡ್‌ಫರ್ಡ್," ಎಂದಳು.

*

ಜಿನೀವಾ ಚಿಕ್ಕಮ್ಮ ಬಟಾಣಿ ಬಿಡಿಸುವ ಬುಟ್ಟಿಯನ್ನು ಮುಂಬಾಗಿಲಿನಿಂದ ಅಡುಗೆಮನೆಯ ಕಿಟಕಿಯ ಕೆಳಗೆ ಸಾಗಿಸಿಕೊಂಡಳು. ಅಲ್ಲಿ ಗಾಳಿ ಚೆನ್ನಾಗಿದೆಯಂತೆ.

ಡೆಲ್ಫಾ ದೊಡ್ಡ ಡಬ್ಬಿಯ ಮುಚ್ಚಳ ತೆಗೆದು ಮರದ ಬೋಗುಣಿಗೆ ಹಿಟ್ಟು ಸುರಿದಳು. ತಣ್ಣಗಿನ ಬೆಣ್ಣೆಯನ್ನು ಚೂರು ಮಾಡಿ ಹಾಕಿದಳು. ಸೇಜ್ ಸೊಪ್ಪನ್ನೂ ಎಳೆ ಈರುಳ್ಳಿ ಸೊಪ್ಪನ್ನೂ ಸಣ್ಣಗೆ ಹೆಚ್ಚಿ ಒಂದು ಕಡೆ ಇಟ್ಟು, ಬೋಗುಣಿಯನ್ನು ಅವನ ಕಡೆ ತಳ್ಳಿದಳು.

"ಬೆರಳ ತುದೀಲಿ ಮಾತ್ರ. ಬೆಣ್ಣೇನ ಹಿಟ್ಟಿನ ಜೊತೆ ತೀಡಬೇಕು, ಕಲೆಸಬಾರದು. ಹೊಲದಲ್ಲಿ ಕೆಸರು ತುಳಿದ ಹಾಗೆ ಮಾಡಬೇಡಿ."

"ಹೀಗಾ?"

"ಹಾಗಲ್ಲ."

"ತೋರಿಸು ಮತ್ತೆ."

ತೋರಿಸಲು ಕೈ ಹಾಕಬೇಕಾಯಿತು. ಒಂದೇ ಬೋಗುಣಿ, ನಾಲ್ಕು ಕೈ. ಅವನ ಬೆರಳು ಅವಳ ಬೆರಳಿಗೆ ತಾಕಿ ಅಲ್ಲೇ ನಿಂತಿತು. ಹಿಟ್ಟಿನಲ್ಲಿ ಮುಳುಗಿದ್ದರಿಂದ ಯಾರ ಬೆರಳು ಮೊದಲು ನಿಂತಿತೆಂದು ಇಬ್ಬರೂ ನೋಡುವ ಹಾಗಿರಲಿಲ್ಲ.

"ಕೈ ಬಿಸಿಯಾಗಿದೆ," ಎಂದಳು. "ಬೆಣ್ಣೆ ಕರಗಿದ್ರೆ ಪದರ ಬಿಡಲ್ಲ. ಹೋಗಿ ಬಾವಿ ನೀರಲ್ಲಿ ಅದ್ದಿಕೊಂಡು ಬನ್ನಿ."

ಹೋಗಿ ಬಂದ. ಮಣಿಕಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಒರೆಸಿಕೊಳ್ಳಲು ಬಟ್ಟೆ ಎಸೆದಳು. ಕೊಡಬಹುದಿತ್ತು, ಎಸೆದಳು. ಅವನು ಹಿಡಿದುಕೊಂಡು ನಕ್ಕ. ಆ ನಗುವಿನಲ್ಲಿ ಎಡಗಡೆಯ ತುಟಿ ಮೊದಲು ಏಳುವುದು ಇನ್ನೂ ಹಾಗೇ ಇತ್ತು. ಅದನ್ನು ನೋಡದಿರಲೆಂದು ಅವಳು ಮಜ್ಜಿಗೆಯ ಜಗ್ಗಿನೊಳಗೆ ನೋಡಿದಳು.

"ಮಧ್ಯ ಗುಂಡಿ ಮಾಡಿ. ಮಜ್ಜಿಗೆ ಹೊಯ್ಯಿರಿ. ಸಾಕು. ಸಾಕು ಅಂದೆ."

"ಅಲ್ಲೂ ಹೀಗೇ ಮಾಡಿದ್ದೆ," ಎಂದ ಹಾಯ್ಟ್. "ಒಂದೂ ಬಿಡದ ಹಾಗೆ."

"ಎಲ್ಲಿ?"

"ಒಹಾಯೋದಲ್ಲಿ. ಬೋರ್ಡಿಂಗ್ ಮನೇಲಿ. ಅರ್ಧಕ್ಕರ್ಧ ನಮ್ಮ ಕಡೆ ಹುಡುಗರೇ ಇದ್ರು. ನಾನು ಮದುವೆ ಆಗೋ ಹುಡುಗಿ ಕೈರುಚಿ ತೋರಿಸ್ತೀನಿ ಬನ್ರೋ ಅಂತ ಕೊಚ್ಚಿಕೊಂಡಿದ್ದೆ. ಹೋಗೋ ಮುಂಚೆ ನೀನು ಕಲಿಸಿದ್ದೆಯಲ್ಲ, ಹಾಗೇ ಮಾಡ್ದೆ. ಒವನ್ನಿಂದ ತೆಗೆದ್ರೆ ಕಲ್ಲು. ಜೊತೇಲಿದ್ದ ಡಾಬಿನ್ಸ್ ಅನ್ನೋನು ಒಂದನ್ನ ಹಿತ್ತಲಿಗೆ ತಗೊಂಡು ಹೋಗಿ ಬ್ಯಾಟಲ್ಲಿ ಹೊಡೆದ. ಬೇಲಿ ದಾಟಿ ಹೋಗಿ ಬಿತ್ತು. ಮುರೀಲಿಲ್ಲ."

ಅವಳಿಗೆ ನಗು ಬಂತು. ನುಂಗಿಕೊಂಡಳು.

"ಆಮೇಲೆ?"

"ಆಮೇಲೆ ಏನು. ಎಲ್ಲರೂ ನನ್ನ ಇಟ್ಟಿಗೆ ಅಂತ ಕರೆಯಕ್ಕೆ ಶುರು ಮಾಡಿದ್ರು. ಸ್ಟ್ಯಾಂಪರ್ ಮನೆ ಹೆಂಗಸರು ಒಂದು ಬಿಟ್ಟೇ ಹೇಳಿಕೊಡೋದು, ನಿಂಗೆ ಗೊತ್ತಿರ್ಲಿಲ್ವಾ ಅಂದ್ರು." ಅವನು ಕಿಟಕಿಯ ಕಡೆ ಕಣ್ಣು ಹಾಯಿಸಿ ಧ್ವನಿ ತಗ್ಗಿಸಿದ. "ನಿನ್ನ ಚಿಕ್ಕಮ್ಮ..."

ಕಿಟಕಿಯ ಕೆಳಗೆ ಬಟಾಣಿ ಬೀಳುವ ಸದ್ದು ನಿಂತಿತು.

ಜಿನೀವಾ ಚಿಕ್ಕಮ್ಮನ ವಿಷಯ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಯಾರು ಬಂದು ಏನು ಕೇಳಿದರೂ ಪ್ರೀತಿಯಿಂದ ಕೂರಿಸಿ, ಒಂದೊಂದೇ ಹೇಳಿಕೊಟ್ಟು, ಮುಖ್ಯವಾದದ್ದೊಂದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಪಾದ್ರಿಯ ಹೆಂಡತಿಗೆ ಕೇಕು ಹೇಳಿಕೊಡುವಾಗ ಮೊಟ್ಟೆಯನ್ನೇ ಬಿಟ್ಟಿದ್ದಳು. ಕೇಳಿದರೆ, ಕೇಕಿಗೆ ಮೊಟ್ಟೆ ಹಾಕ್ತಾರೆ ಅಂತ ಪಾದ್ರಿ ಮನೇಲೂ ಹೇಳಬೇಕಾ ಎಂದಿದ್ದಳು.

"ಅದಕ್ಕೆ ನೀನು ಕಾಗದ ನಿಲ್ಲಿಸಿದೆ," ಎಂದಳು ಡೆಲ್ಫಾ. ಬಹುವಚನ ಯಾವಾಗ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಮದುವೆ ಆಗೋನಿಂದಲೇ ಒಂದು ಮುಚ್ಚಿಟ್ಟೋಳು ಮುಂದೆ ಏನೇನು ಮುಚ್ಚಿಡ್ತಾಳೋ ಅನ್ನಿಸ್ತು. ನಾನಲ್ಲಿ ಸೋತು, ಅತ್ತುಕೊಂಡು ನಿನ್ನ ಅಡುಗೆಮನೆಗೆ ಓಡಿ ಬರ್ಲಿ ಅಂತ ಮಾಡಿದ್ಲೇನೋ ಅಂತಾನೂ ಅನ್ನಿಸ್ತು. ಆಗ ಬಿಸಿ ತಲೆ ನಂದು."

ಡೆಲ್ಫಾ ಹಿಟ್ಟನ್ನು ಹಲಗೆಯ ಮೇಲೆ ತಟ್ಟಿದಳು. ಮಡಚಿದಳು. ಮತ್ತೆ ತಟ್ಟಿದಳು. ಎರಡು ವರ್ಷದಿಂದ ಚರ್ಚಿನ ಹೆಂಗಸರು ಅವಳನ್ನು ಯಾವ ಅಡುಗೆಯ ಬಗ್ಗೆಯೂ ಕೇಳುತ್ತಿರಲಿಲ್ಲ. ಅವಳು ತಂದ ಪಾತ್ರೆ ಖಾಲಿಯಾಗುತ್ತಿತ್ತು, ಹೊಗಳಿಕೆಯೂ ಸಿಗುತ್ತಿತ್ತು, ಆದರೆ ಹೇಗೆ ಮಾಡಿದೆ ಎಂದು ಒಬ್ಬಳೂ ಕೇಳುತ್ತಿರಲಿಲ್ಲ. ಕೇಳದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ತನ್ನನ್ನು ಬಿಟ್ಟುಹೋದನೆಂದು ನಗುತ್ತಾರೆ ಅಂದುಕೊಂಡಿದ್ದಳು. ಅದಲ್ಲ. ಅವಳೂ ಒಂದು ಬಿಟ್ಟೇ ಹೇಳಿಕೊಡುವವಳೆಂದು ಒಹಾಯೋದಿಂದ ಸುದ್ದಿ ಬಂದಿತ್ತು.

"ಹಿಟ್ಟು ಎಲ್ಲಿಂದ ತಗೊಂಡೆ ಅಲ್ಲಿ?" ಎಂದು ಕೇಳಿದಳು.

"ಮನೆ ಒಡತಿ ಡಬ್ಬಿಯಿಂದ. ಯಾಕೆ?"

"ಸುಮ್ನೆ ಕೇಳ್ದೆ."

ಅಷ್ಟೇ ಇದ್ದದ್ದು. ಈ ಕಡೆ ಅಂಗಡಿಗಳಲ್ಲಿ ಹಿಟ್ಟಿನ ಚೀಲಕ್ಕೆ ಬೇಕಿಂಗ್ ಪೌಡರೂ ಉಪ್ಪೂ ಬೆರೆಸಿಯೇ ಬರುತ್ತದೆ. ಮಜ್ಜಿಗೆ ಬಿದ್ದೊಡನೆ ತಾನಾಗಿ ಉಬ್ಬುತ್ತದೆ. ಹಳ್ಳದಲ್ಲಿ ಯಾರ ಮನೆಯ ಡಬ್ಬಿ ತೆರೆದರೂ ಅದೇ. ಅದನ್ನು ಪ್ರತ್ಯೇಕವಾಗಿ ಹೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ, ಕೇಳಬೇಕೆಂದು ಅವನಿಗೂ ಹೊಳೆದಿರಲಿಲ್ಲ. ಉತ್ತರದವರ ಡಬ್ಬಿಯಲ್ಲಿ ಬರೀ ಹಿಟ್ಟು. ಅಂಥ ಬರೀ ಹಿಟ್ಟಿನ ಚೀಲವೊಂದನ್ನು ಚಿಕ್ಕಮ್ಮ ಕೇಕಿಗೆಂದು ಪಟ್ಟಣದಿಂದ ತರಿಸಿ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದಳು. ನೋಡಲು ಎರಡೂ ಒಂದೇ.

ಹೇಳಿಬಿಡಬೇಕೆಂದು ಅವಳ ನಾಲಿಗೆಯ ತುದಿಯಲ್ಲಿತ್ತು. ಮೊದಲು ಬೇಯಲಿ, ಆಮೇಲೆ ಹೇಳುತ್ತೇನೆ, ಅವನ ಮುಖ ನೋಡುತ್ತೇನೆ ಎಂದುಕೊಂಡಳು.

ಒವನ್ ತೆಗೆದಾಗ ಬಿಸ್ಕತ್ತುಗಳು ಒಂದಕ್ಕೊಂದು ಒತ್ತಿಕೊಂಡು ಕಬ್ಬಿಣದ ಬಾಣಲೆಯಲ್ಲಿ ಎದ್ದು ನಿಂತಿದ್ದವು. ಅವನು ಒಂದನ್ನು ಬಿಡಿಸಿದ. ಪದರ ಪದರವಾಗಿ ಬಿಟ್ಟುಕೊಂಡು, ಒಳಗಿನಿಂದ ಸೇಜಿನ ಘಮದ ಜೊತೆ ಹಬೆ ಎದ್ದು ಇಬ್ಬರ ಮುಖಕ್ಕೂ ಬಂತು. ಅವನು ಕಣ್ಣು ಮುಚ್ಚಿ ತಿಂದ. ತುಟಿಯ ಅಂಚಿನಲ್ಲಿ ಬೆಣ್ಣೆ ಮಿಂಚಿತು. ಅವಳು ಒರೆಸಬೇಕೆಂದು ಅರ್ಧ ಕೈ ಎತ್ತಿದ್ದಳು. ಎತ್ತಿದ್ದು ಅವನಿಗೂ ಕಾಣಿಸಿತು. ಒಂದು ಹೆಜ್ಜೆ ಹತ್ತಿರ ಬಂದ.

"ಡೆಲ್ಫಾ," ಎಂದ, ಬಹಳ ಮೆತ್ತಗೆ. "ನಿಂಗೆ ಒಂದು ಹೇಳ್ಬೇಕು ಅಂತಾನೇ ಬಂದಿದ್ದು. ಅವತ್ತು ನೀನು ಮಾಡಿದ್ದನ್ನ ನಾನು ಮರೆತಿದೀನಿ. ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ಕ್ಷಮಿಸಿಬಿಟ್ಟಿದೀನಿ ನಿನ್ನ."

ಅವಳ ಕೈ ಕೆಳಗಿಳಿಯಿತು.

"ಕ್ಷಮಿಸಿದೀಯಾ," ಎಂದಳು.

"ಪೂರ್ತಿ."

"ದೊಡ್ಡ ಮನಸ್ಸು ನಿಂದು."

ಅವನು ನಾಚಿಕೊಂಡ. ನಿಜವಾಗಿಯೂ ನಾಚಿಕೊಂಡ. ಎರಡು ವರ್ಷದ ಸಿಟ್ಟೆಲ್ಲ ಈ ಒಂದು ಗಳಿಗೆಯ ಸಿಟ್ಟಿನ ಮುಂದೆ ಏನೂ ಅಲ್ಲವೆಂದು ಅವಳಿಗೆ ಆಗ ಗೊತ್ತಾಯಿತು. ಬಿಟ್ಟುಹೋದದ್ದನ್ನಾದರೂ ತಡೆದುಕೊಂಡಿದ್ದಳು. ಮಾಡದ ತಪ್ಪಿಗೆ ಶಿಕ್ಷೆಯನ್ನೂ ಕೊಟ್ಟು, ಈಗ ಬೆಣ್ಣೆಬಾಯಿಯಲ್ಲಿ ಕ್ಷಮೆಯನ್ನೂ ಕೊಡುತ್ತಾನೆ. ಸರಿ. ಕ್ಷಮಿಸಿದ್ದಾನಲ್ಲ, ಹಾಗಾದರೆ ಕ್ಷಮಿಸುವಂಥದ್ದೊಂದನ್ನು ಮಾಡಿಯೇ ಬಿಡೋಣ.

ಅವನು ಕೈ ತೊಳೆಯಲು ಬಾವಿಯ ಕಡೆ ಹೋದಾಗ ಅವಳು ಕೆಳಗಿನ ಕಪಾಟು ತೆರೆದಳು.

"ಭಾನುವಾರಕ್ಕೆ ನನ್ನ ಹಿಟ್ಟೇ ತಗೊಂಡು ಹೋಗು," ಎಂದಳು ಅವನು ಬಂದಾಗ, ತುಂಬಿದ ತಗಡಿನ ಡಬ್ಬಿಯನ್ನು ಅವನ ಎದೆಗೆ ಒತ್ತಿ. "ನಿನ್ನಪ್ಪಂಗೆ ಇದೇ ರುಚಿ ಅಭ್ಯಾಸ."

ಅವನ ಕಣ್ಣು ತುಂಬಿ ಬಂತು. ಅವಳ ಕಣ್ಣಲ್ಲಿ ಏನೂ ಇರಲಿಲ್ಲ.

*

ಮಾರನೆಯ ದಿನ ಡೆಲ್ಫಾ ಹಾಡು ಗುನುಗುತ್ತ ಬಟ್ಟೆ ಒಗೆದಳು. ಚಿಕ್ಕಮ್ಮ ಕೆಳಗಿನ ಕಪಾಟಿನ ಮುಂದೆ ಮಂಡಿಯೂರಿ ಕೂತಿದ್ದಳು.

"ನನ್ನ ಕೇಕ್ ಹಿಟ್ಟು ಅರ್ಧ ಚೀಲ ಇಳಿದಿದೆ."

"ಇಲಿ ಇರಬೇಕು, ಚಿಕ್ಕಮ್ಮ."

"ತಗಡಿನ ಡಬ್ಬಿ ಹಿಡಿದುಕೊಂಡು ಓಡಾಡೋ ಇಲಿನಾ?"

ಡೆಲ್ಫಾ ದಿಂಬಿನ ಚೀಲ ಹಿಂಡಿದಳು. ಚಿಕ್ಕಮ್ಮ ಅವಳನ್ನು ಬಹಳ ಹೊತ್ತು ನೋಡಿ, ಮಂಡಿ ಹಿಡಿದುಕೊಂಡು ಎದ್ದಳು.

"ನಾನು ಬಿಟ್ಟದ್ದೆಲ್ಲ ತಮಾಷೆಗೆ," ಎಂದಳು. "ಕೇಕು ಕೆಟ್ಟರೆ ಹಂದಿ ತಿನ್ನುತ್ತೆ. ಸಮಾಧಿ ಮುಂದೆ ನಾನೂ ಮಾಡಿಲ್ಲ ಕಣೇ."

"ಇಲಿಗೆ ಹೇಳ್ತೀನಿ," ಎಂದಳು ಡೆಲ್ಫಾ.

ಸಂಜೆ ಒಂದು ಸಲ ಚಪ್ಪಲಿ ಮೆಟ್ಟಿಕೊಂಡು ಬೇಲಿಯವರೆಗೆ ಹೋದಳು. ಹಳ್ಳದಾಚೆ ಲೆಡ್‌ಫರ್ಡರ ಹಿತ್ತಲಿನಲ್ಲಿ ಹಾಯ್ಟ್ ಅಪ್ಪನ ಕೋಟು ಜಾಡಿಸುತ್ತಿದ್ದ. ಕೂಗಿದರೆ ಕೇಳಿಸುವಷ್ಟು ದೂರ. ಪೂರ್ತಿ ಕ್ಷಮಿಸಿದ್ದೇನೆ ಎಂದವನ ನಾಚಿದ ಮುಖ ಕಣ್ಣಮುಂದೆ ಬಂತು. ತಿರುಗಿ ಮನೆಗೆ ಬಂದಳು.

*

ಭಾನುವಾರ ಬಿಸಿಲು ಚೆನ್ನಾಗಿತ್ತು. ಆರ್ವಿಲ್‌ನ ಸಮಾಧಿಯ ಮೇಲೆ ಹೊಸ ಮಣ್ಣು, ಕೆಂಪು ಕಾಗದದ ಹೂ. ಮರದಡಿ ಮೇಜಿನ ಮೇಲೆ ಹುರಿದ ಕೋಳಿ, ಹುರುಳಿಕಾಯಿ, ಆಲೂಗಡ್ಡೆ ಪಲ್ಯ, ಹಂದಿಮಾಂಸ, ಎಲ್ಲಕ್ಕೂ ಬಟ್ಟೆ ಮುಚ್ಚಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿದರು. ಹಾಯ್ಟ್ ಅಪ್ಪನ ಕೋಟು ತೊಟ್ಟಿದ್ದ, ತೋಳು ಸ್ವಲ್ಪ ಗಿಡ್ಡ. ಎರಡು ದೊಡ್ಡ ಬಾಣಲೆ ಮೇಜಿನ ಮೇಲಿಟ್ಟು, ಮೇಲಿನ ಬಟ್ಟೆ ತೆಗೆಯದೆಯೇ, ಒಳಗೆ ಕೈ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತ ಬಂದ. ಡೆಲ್ಫಾಳ ಹತ್ತಿರ ಬಂದಾಗ ಅವಳ ಕಣ್ಣನ್ನೇ ನೋಡಿ ಕೊಟ್ಟ. ಬಿಸ್ಕತ್ತು ಅಂಗೈ ಮೇಲೆ ಬಿದ್ದಾಗ ಭಾರವಾಗಿತ್ತು.

ಎಲ್ಲರೂ ಒಟ್ಟಿಗೆ ಮುರಿದರು. ಮುರಿಯಲು ನೋಡಿದರು, ಅನ್ನಬೇಕು. ಒಣ ಕಡ್ಡಿ ಮುರಿದಂಥ ಸದ್ದು ಮೇಜಿನ ಉದ್ದಕ್ಕೂ ಓಡಿತು. ಯಾರೋ ಮಂಡಿಗೆ ಹಾಕಿ ಒತ್ತಿದರು. ಹಲ್ಲಿಲ್ಲದ ಎಲಿಜಾ ಮುದುಕ ತನ್ನದನ್ನು ಕಾಫಿಯಲ್ಲಿ ಮುಳುಗಿಸಿ, ಅದು ನೆನೆಯುವುದನ್ನೇ ನೋಡುತ್ತ ಕೂತ.

ಉಗಿಯುವವರು ಯಾರೂ ಇರಲಿಲ್ಲ. ಸಾವಿನ ಮನೆಯ ರೊಟ್ಟಿ.

"ಸೇಜ್ ಘಮ್ ಅಂತಿದೆ," ಎಂದಳು ಒಬ್ಬಳು.

"ಬಣ್ಣ ಚೆನ್ನಾಗಿ ಬಂದಿದೆ," ಎಂದಳು ಇನ್ನೊಬ್ಬಳು.

"ಪಾಪ, ಗಂಡಸಿನ ಕೈ," ಎಂದಳು ಪಾದ್ರಿಯ ಹೆಂಡತಿ, ಎಲ್ಲರಿಗೂ ಕೇಳುವಷ್ಟು ಮೆತ್ತಗೆ.

ಹಾಯ್ಟ್‌ನ ಕಿವಿ ಕೆಂಪಾಗುತ್ತ ಬಂತು. ಅವನು ತನ್ನದನ್ನು ಅಗಿಯುತ್ತಲೇ ಇದ್ದ. ಡೆಲ್ಫಾ ನೋಡಿದಳು. ನೋಡಬೇಕೆಂದೇ ಬಂದಿದ್ದಳು. ಸುಳ್ಳೇಕೆ, ಅವಳಿಗೆ ಹಾಯೆನಿಸಿತು. ಬೇಸಿಗೆಯಲ್ಲಿ ಬಾವಿಯ ನೀರು ಗಂಟಲಿನಿಂದ ಇಳಿದ ಹಾಗಿತ್ತು. ಕೊನೆಯ ತೊಟ್ಟಿನವರೆಗೂ ಕುಡಿಯುವ ಮನಸ್ಸಿತ್ತು.

ಆಗ ಪಕ್ಕದಲ್ಲಿ ಕೂತಿದ್ದ ಹಾಯ್ಟ್‌ನ ತಾಯಿ, ಹಳ್ಳದವರೆಲ್ಲ ಈಗಲೂ ಮಿಸ್ ಓಪಲ್ ಎಂದೇ ಕರೆಯುವವಳು, ಅವಳ ಕಡೆ ವಾಲಿದಳು. ಸೊಟ್ಟಗಾದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ನಿನ್ನೆ ಅವನು ಒಹಾಯೋ ಕಥೆ ಎಲ್ಲ ಹೇಳ್ದ ಕಣಮ್ಮ. ನಾನು ಕೇಳ್ದೆ, ಅಲ್ಲಿ ಯಾವ ಹಿಟ್ಟೋ ದಡ್ಡ ಅಂತ. ಆಗ ತಿಳೀತು ಅವನಿಗೆ, ನಿಂದೇನೂ ತಪ್ಪಿರ್ಲಿಲ್ಲ ಅಂತ. ರಾತ್ರಿ ಊಟ ಮಾಡ್ಲಿಲ್ಲ."

ಡೆಲ್ಫಾ ಕೈಯಲ್ಲಿದ್ದ ಬಿಸ್ಕತ್ತನ್ನು ಮೇಜಿನ ಮೇಲಿಟ್ಟಳು.

"ಬೆಳಿಗ್ಗೆ ನೀನು ಕೊಟ್ಟ ಹಿಟ್ಟನ್ನ ನಾಲಿಗೆ ಮೇಲೆ ಇಟ್ಟು ನೋಡ್ದೆ. ಉಪ್ಪಿರ್ಲಿಲ್ಲ. ಹೇಳ್ದೆ ಅವನಿಗೆ, ನಮ್ಮ ಡಬ್ಬಿದು ಹಾಕೋ ಅಂತ. ಅವನು ಏನಂದ ಗೊತ್ತಾ? 'ಒಂದು ಸಲ ಅವಳ ಮೇಲೆ ಅನುಮಾನ ಪಟ್ಟು ಕೆಟ್ಟೆ ಅಮ್ಮ. ಇನ್ನೊಂದು ಸಲ ಪಡಲ್ಲ' ಅಂದ." ಮಿಸ್ ಓಪಲ್ ತನ್ನ ಬಿಸ್ಕತ್ತಿನ ತುಂಡನ್ನು ನೋಡಿದಳು. "ನಿನ್ನನ್ನ ಏನೂ ಕೇಳ್ತಿಲ್ಲಮ್ಮ ನಾನು. ಸುಮ್ನೆ ಹೇಳ್ದೆ."

ಅಷ್ಟರಲ್ಲಿ ಹಾಯ್ಟ್ ಎದ್ದು ನಿಂತಿದ್ದ.

"ರೊಟ್ಟಿ ಕೆಟ್ಟಿದೆ," ಎಂದ. "ನೀವು ಹೇಳಲ್ಲ, ಅದಕ್ಕೆ ನಾನೇ ಹೇಳ್ತೀನಿ. ಅದು ನನ್ನ ಕೈಯದ್ದು. ಡೆಲ್ಫಾ ಸರಿಯಾಗೇ ಕಲಿಸಿದ್ಲು. ಎರಡು ವರ್ಷದ ಹಿಂದೇನೂ ಸರಿಯಾಗೇ ಕಲಿಸಿದ್ಲು. ಅವಳು ಬೇಕಂತ ಒಂದು ಬಿಟ್ಟು ಹೇಳಿದ್ಲು ಅಂತ ನಾನು ಒಹಾಯೋದಲ್ಲಿ ಹೇಳಿಕೊಂಡು ತಿರುಗಿದೆ. ಅದು ಇಲ್ಲೀವರೆಗೂ ಬಂತು. ಸುಳ್ಳು ಅದು. ಅವಳು ಅಂಥವಳಲ್ಲ. ಅಪ್ಪನ ಮುಂದೆ ಹೇಳ್ತಿದೀನಿ."

ಹೆಂಗಸರು ಡೆಲ್ಫಾಳ ಕಡೆ ತಿರುಗಿದರು. ಎರಡು ವರ್ಷದಲ್ಲಿ ಮೊದಲ ಸಲ ಆ ಮುಖಗಳಲ್ಲಿ ಕೊಂಕಿರಲಿಲ್ಲ. ಪಾದ್ರಿಯ ಹೆಂಡತಿ ಕೈ ಚಾಚಿ ಅವಳ ಭುಜ ತಟ್ಟಿದಳು.

ಏನೂ ಮಾಡದಿದ್ದಾಗ ಊರೆಲ್ಲ ಕಳ್ಳಿ ಎಂದಿತ್ತು. ಮಾಡಿ ಕೂತಿರುವಾಗ ಒಳ್ಳೆಯವಳೆನ್ನುತ್ತಿದೆ. ಸುಮ್ಮನಿದ್ದರೆ ಸಾಕಿತ್ತು. ಹೆಸರೂ ಮರಳಿ ಬಂತು, ಸೇಡೂ ತೀರಿತು, ಯಾರಿಗೂ ಗೊತ್ತಾಗುವುದಿಲ್ಲ. ಮಿಸ್ ಓಪಲ್ ಬಾಯಿ ಬಿಡುವವಳಲ್ಲ. ಹಾಯ್ಟ್ ಸಾಯುವ ತನಕ ತನ್ನ ಕೈಯೇ ಸರಿಯಿಲ್ಲ ಎಂದುಕೊಂಡು, ಇವಳನ್ನು ನಂಬಿಕೊಂಡು ಇರುತ್ತಾನೆ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ಅವನು ಹೇಳಿದ್ದು ಅರ್ಧ ನಿಜ," ಎಂದು ಡೆಲ್ಫಾ ಎದ್ದಳು. "ಆಗ ನಾನೇನೂ ಬಿಟ್ಟಿರ್ಲಿಲ್ಲ. ಈಗ ಬಿಟ್ಟೆ. ಬೇಕಂತಲೇ ಕೇಕಿನ ಹಿಟ್ಟು ಕಟ್ಟಿಕೊಟ್ಟೆ. ಇವನು ಇಲ್ಲಿ ಹೀಗೆ ನಿಂತುಕೊಳ್ಳಲಿ ಅಂತಾನೇ."

ಭುಜದ ಮೇಲಿದ್ದ ಕೈ ಹಿಂದೆ ಹೋಯಿತು.

"ಯಾಕಮ್ಮಾ?" ಎಂದು ಪಾದ್ರಿ ಕೇಳಿದರು.

"ನನ್ನ ಕ್ಷಮಿಸಿದ, ಪಾದ್ರಿಗಳೇ. ಮಾಡದೆ ಇದ್ದದ್ದಕ್ಕೆ."

ಪಾದ್ರಿ ಬಾಯಿ ತೆರೆದರು. ಕ್ಷಮೆಯ ಬಗ್ಗೆ ಅವರ ಹತ್ತಿರ ಬಹಳ ಮಾತಿತ್ತು, ಇದಕ್ಕೆ ಯಾವುದೂ ಹೊಂದಲಿಲ್ಲ. ಮುಚ್ಚಿಕೊಂಡರು.

"ನನ್ನ ಕೇಕ್ ಹಿಟ್ಟು ಅದು," ಎಂದಳು ಜಿನೀವಾ ಚಿಕ್ಕಮ್ಮ ಪಕ್ಕದವಳಿಗೆ. ಬೈಯಬೇಕೆಂದೇ ಹೇಳಿದ್ದಳು, ಆದರೆ ಧ್ವನಿಯಲ್ಲಿ ಸ್ವಲ್ಪ ಹೆಮ್ಮೆ ಸೇರಿಕೊಂಡುಬಿಟ್ಟಿತು.

ಹಾಯ್ಟ್ ಡೆಲ್ಫಾಳನ್ನು ಒಂದು ಸಲ ನೋಡಿದ, ಯಾರೋ ಗುರುತಿಲ್ಲದವರನ್ನು ನೋಡುವ ಹಾಗೆ. ಖಾಲಿ ಬಾಣಲೆಗಳನ್ನು ಎತ್ತಿಕೊಂಡು ಗುಡ್ಡ ಇಳಿಯತೊಡಗಿದ.

ಹೋಗಲಿ ಎಂದುಕೊಂಡಳು. ಹೋಗುವುದು ಅವನಿಗೆ ಅಭ್ಯಾಸ. ಸಮಾಧಿಗಳ ಸಾಲು ದಾಟಿ ಅವನು ಗೇಟು ಮುಟ್ಟುವವರೆಗೂ ಹಾಗೇ ಅಂದುಕೊಳ್ಳುತ್ತಿದ್ದಳು. ಆಮೇಲೆ ನೋಡಿದರೆ ಅವಳ ಕಾಲು ಓಡುತ್ತಿತ್ತು.

"ಯಾಕೆ ಬಂದೆ?" ಎಂದ, ತಿರುಗದೆ.

"ಬೈಯೋದಿದ್ರೆ ಬೈ. ಮತ್ತೆ ಒಹಾಯೋಗೆ ಹೋಗಿ ಬೈಬೇಡ."

"ಒಹಾಯೋಗೆ ಯಾರು ಹೋಗ್ತಾರೆ? ಮೇಲೆ ಅಷ್ಟು ಜನ ಹಸಿದು ಕೂತಿದಾರೆ. ಮುರಿಯೋ ಅಂಥ ರೊಟ್ಟಿ ಮಾಡಕ್ಕೆ ಹೋಗ್ತಿದೀನಿ." ಈಗ ತಿರುಗಿದ. ಕಣ್ಣು ಕೆಂಪಾಗಿತ್ತು. "ಅಪ್ಪನ ಮುಂದೆ, ಡೆಲ್ಫಾ."

"ನಿನ್ನಪ್ಪ ಸಾಯೋವರೆಗೂ ನನ್ನ ಮುಂದೆ ತಲೆ ತಗ್ಗಿಸಿ ಕೂತಿದ್ದ. ನಿನ್ನಿಂದ."

ಇಬ್ಬರ ಮಾತೂ ತಾಗಬೇಕಾದಲ್ಲಿ ತಾಗಿತು. ಅವಳು ಅವನ ಕೈಯಿಂದ ಒಂದು ಬಾಣಲೆ ಕಿತ್ತುಕೊಂಡು ಮುಂದೆ ನಡೆದಳು.

*

ಮಿಸ್ ಓಪಲ್‌ಳ ಅಡುಗೆಮನೆ ಚಿಕ್ಕದು, ಒಬ್ಬರು ತಿರುಗಿದರೆ ಇನ್ನೊಬ್ಬರು ಸರಿಯಬೇಕು. ಹಾಯ್ಟ್ ಡಬ್ಬಿಯಿಂದ ಹಿಟ್ಟು ತೆಗೆದು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡ. ಅವಳು ಅದನ್ನು ನೋಡಿದಳು. ಒವನ್ ಬಿಸಿಗಿಟ್ಟು, ಸೊಪ್ಪು ಹೆಚ್ಚಿಕೊಟ್ಟಳು. ಅವಳು ಹಿಟ್ಟು ಮುಟ್ಟಲಿಲ್ಲ. ಅದು ಅವನ ಮನೆಯ ರೊಟ್ಟಿ.

"ಹೊಟ್ಟೆ ತಣ್ಣಗಾಯ್ತಾ?" ಎಂದ ಅವನು, ಬೆಣ್ಣೆ ತೀಡುತ್ತ.

"ಆಗಿತ್ತು. ಮುರಿಯೋ ಸದ್ದು ಕೇಳಿದಾಗ. ಆಮೇಲೆ ನಿಮ್ಮಮ್ಮ ಮಾತಾಡಿ ಹಾಳು ಮಾಡಿದ್ರು."

ಅವನ ಎಡಗಡೆಯ ತುಟಿ ಏಳಲು ನೋಡಿ, ಏಳದೆ ನಿಂತಿತು.

"ಎಲಿಜಾ ತಾತನ ಮುಖ ನೋಡಿದ್ಯಾ?" ಎಂದಳು.

"ಕಾಫಿ ಲೋಟ ಒಡೆದುಹೋಗುತ್ತೆ ಅಂದುಕೊಂಡೆ."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ಅವಳು ಹೆಚ್ಚುವ ಚಾಕುವನ್ನು ಕೆಳಗಿಟ್ಟಳು.

"ನೀನು ಅನುಮಾನ ಪಟ್ಟಿದ್ದು ನಂಗೆ ದೊಡ್ಡದಲ್ಲ, ಹಾಯ್ಟ್. ನಮ್ಮ ಚಿಕ್ಕಮ್ಮನ್ನ ನೋಡಿದ ಯಾರಿಗಾದ್ರೂ ಬರುತ್ತೆ. ನೀನು ಕೇಳ್ಲಿಲ್ಲ. ಒಂದು ಸಾಲು ಬರೆದು ಕೇಳಿದ್ರೆ ಮುಗಿದುಹೋಗ್ತಿತ್ತು. ಕೇಳಕ್ಕೂ ನಾನು ಯೋಗ್ಯಳಲ್ಲ ಅಂದುಕೊಂಡೆಯಲ್ಲ. ಈಗ ಕೇಳು."

"ಈಗಾ? ಈಗ ಎಲ್ಲಾ ಗೊತ್ತಾಗಿದೆಯಲ್ಲ."

"ಗೊತ್ತಿದ್ರೂ ಕೇಳು."

ಅವನು ಮಜ್ಜಿಗೆ ಮೆತ್ತಿದ ಕೈಯಲ್ಲೇ ನೆಟ್ಟಗೆ ನಿಂತ. ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗನಂತೆ ಒಂದು ಸಲ ಗಂಟಲು ಸರಿಮಾಡಿಕೊಂಡ.

"ಡೆಲ್ಫಾ, ಅವತ್ತು ಏನಾದ್ರೂ ಬಿಟ್ಟು ಹೇಳಿದ್ಯಾ?"

"ಇಲ್ಲ. ನನ್ನ ಹತ್ರ ಇದ್ದದ್ದೆಲ್ಲ ನಿಂಗೆ ಹೇಳಿದ್ದೆ."

ಹೇಳುವಾಗ ಅವಳ ಧ್ವನಿ ಒಡೆಯಿತು. ಅದು ಅವಳ ಲೆಕ್ಕದಲ್ಲಿರಲಿಲ್ಲ, ಅದಕ್ಕೆ ಅವಳಿಗೆ ಸಿಟ್ಟು ಬಂತು. ಅವನು ಹತ್ತಿರ ಬಂದು, ಕೈಯೆಲ್ಲ ಹಿಟ್ಟಾದ್ದರಿಂದ ಮುಟ್ಟಲಾಗದೆ, ಹಣೆಯನ್ನು ಅವಳ ಹಣೆಗೆ ತಾಗಿಸಿ ನಿಂತ. ಅವಳು ಹಿಂದೆ ಸರಿಯಲಿಲ್ಲ. ಅವನ ಉಸಿರಿನಲ್ಲಿ ಹಸಿ ಸೇಜಿನ ವಾಸನೆಯಿತ್ತು.

"ಇನ್ನೊಂದು ಕೇಳ್ಲಾ?" ಎಂದ.

"ಮೊದಲು ಒವನ್ ಒಳಗೆ ಇಡು."

ಕತ್ತರಿಸಿ, ಜೋಡಿಸಿ, ಎರಡೂ ಬಾಣಲೆ ಒಳಗಿಟ್ಟು ಬಾಗಿಲು ಹಾಕಿದ. ತಿರುಗಿ ಕೇಳಿದ. ಎರಡು ವರ್ಷದ ಹಿಂದೆ ಊರಿಗೆಲ್ಲ ಹೇಳಿದ್ದನ್ನು ಈಗ ಅವಳೊಬ್ಬಳನ್ನೇ ಕೇಳಿದ, ಆಗುತ್ತೀಯಾ ಎಂದು.

"ಆ ಸ್ಟೂಲ್ ಮೇಲೆ ಕೂತ್ಕೋ," ಎಂದಳು ಡೆಲ್ಫಾ. "ಬೇಯೋವರೆಗೂ ಬಾಯಿ ಬಿಡಬಾರದು."

"ಉತ್ತರ?"

"ಬಾಯಿ ಬಿಡಬಾರದು ಅಂದೆ."

ಕೂತ. ಅವಳು ಎದುರಿಗೆ ಗೋಡೆಗೊರಗಿ, ಕೈ ಕಟ್ಟಿಕೊಂಡು ಅವನನ್ನೇ ನೋಡುತ್ತ ನಿಂತಳು. ಅವನು ಕಾಲು ಬದಲಿಸಿದ. ಬೆರಳಿನ ಹಿಟ್ಟು ಕೆರೆದ. ಒವನ್ ನೋಡಿದ, ಅವಳನ್ನು ನೋಡಿದ, ಒಂದು ಸಲ ತುಟಿ ತೆರೆದು ಅವಳ ಹುಬ್ಬು ಏರಿದ್ದನ್ನು ಕಂಡು ಮುಚ್ಚಿಕೊಂಡ. ಹಣೆಯ ಮೇಲೆ ಬೆವರು ಮೂಡಿತು. ಉತ್ತರ ಅವಳಿಗೆ ಜಾಲರಿ ಬಾಗಿಲ ಹತ್ತಿರ ಅವನ ನೆರಳು ಬಿದ್ದಾಗಲೇ ಗೊತ್ತಿತ್ತು. ಗೊತ್ತಿದ್ದೂ ಹೇಳದೆ ಅವನನ್ನು ಹೀಗೆ ಕೂರಿಸಿ ನೋಡುವುದು, ಸಮಾಧಿಯ ಮುಂದೆ ಸಿಕ್ಕಿದ ಸುಖಕ್ಕಿಂತ ಎಷ್ಟೋ ಮೇಲಾಗಿತ್ತು. ಇದರಿಂದ ಯಾರಿಗೂ ಹಲ್ಲು ನೋಯುವುದಿಲ್ಲ.

ಬಿಸ್ಕತ್ತುಗಳ ನೆತ್ತಿ ಕೆಂಪಾಗುವವರೆಗೂ ಕಾಯಿಸಿದಳು. ಆಮೇಲೆ ಬಟ್ಟೆ ಸುತ್ತಿದ ಕೈಯಿಂದ ಬಾಣಲೆಗಳನ್ನು ಹೊರತೆಗೆದು, ಎರಡನ್ನೂ ಉದ್ದನೆಯ ತಟ್ಟೆಯ ಮೇಲಿಟ್ಟಳು.

"ಆಗ್ತೀನಿ," ಎಂದಳು. "ಏಳು. ಆ ಕಡೆ ಹಿಡ್ಕೋ, ಜನ ಕಾಯ್ತಿದಾರೆ."